ನವೋದಯ ಸೀಟ್ ಸಿಗತೈತೇನ್ರಿ ಅಕ್ಕೋರ?

ಮಳೆಗಾಲ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಕ್ಕೋರ, ನಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ. ನವೋದಯ ಸೀಟ್ ಸಿಗತೈತೇನ್ರಿ?" ನವೋದಯ ಅಂದರೆ ಪರೀಕ್ಷೆ ಬರೆಸಿ ಆರನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಕೇಂದ್ರ ಸರ್ಕಾರದ ವಸತಿ ಶಾಲೆ. ನಾನು ಗದಗ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಗಣಿತ ಹೇಳುವವಳು. ಭವಿಷ್ಯ ಹೇಳುವವಳಲ್ಲ. ಆದರೂ ಕೇಳುತ್ತಾರೆ, ನಾನೂ ಹೇಳುತ್ತೇನೆ.

ಹುಡುಗನ ಮಾರ್ಕ್ಸ್ ನಾನು ಮೊದಲು ಕೇಳುವುದಿಲ್ಲ. "ಮೂರನೇತ್ತ, ನಾಕನೇತ್ತ ಎಲ್ಲಿ ಕಲ್ತಾನ್ರಿ?" ಅಂತ ಕೇಳುತ್ತೇನೆ. ತುಂಬಾ ಜನಕ್ಕೆ ಈ ಪ್ರಶ್ನೆ ಯಾಕೆ ಅಂತಲೇ ತಿಳಿಯುವುದಿಲ್ಲ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75, ಅಂದರೆ 60, ಹಳ್ಳಿ ಮಕ್ಕಳಿಗೆ. ಉಳಿದ 20ಕ್ಕೆ ಪೇಟೆಯವರು ಮತ್ತೆ ಹಳ್ಳಿಯವರ ಜೊತೆಗೇ ಪೈಪೋಟಿ ಮಾಡಬೇಕು. ಹಳ್ಳಿ ಮಗು ಅನ್ನಿಸಿಕೊಳ್ಳಲು 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಪೂರ್ತಿ ಓದಿರಬೇಕು. ನಡುವೆ ಒಂದೇ ಒಂದು ದಿನ ಪೇಟೆ ಶಾಲೆಯಲ್ಲಿ ಓದಿದರೂ ಅದು ಪೇಟೆ ಮಗುವೇ. ಐದನೇ ತರಗತಿ ಯಾವ ಜಿಲ್ಲೆಯಲ್ಲಿ ಓದುತ್ತದೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ನಮಗೆ ಅದು ಮುಂಡರಗಿ ತಾಲೂಕಿನ ಕೊರ್ಲಹಳ್ಳಿ.

ಎಡವಟ್ಟು ಆಗುವುದೇ ಇಲ್ಲಿ. ರೋಣದ ಕಡೆಯ ಒಬ್ಬ ರೈತರು ನಾಲ್ಕನೇ ತರಗತಿಗೇ ಮಗನ ದಾಖಲಾತಿ ತೆಗೆಸಿ ಧಾರವಾಡದಲ್ಲಿ ಕೋಚಿಂಗ್‌ಗೆ ಬಿಟ್ಟರು. ಕೋಚಿಂಗಿನವರು ಅಲ್ಲೇ ಪಕ್ಕದ ಶಾಲೆಯಲ್ಲಿ ಹೆಸರು ಹಚ್ಚಿಸಿದರು. ಹುಡುಗ ಚೆನ್ನಾಗಿಯೇ ತಯಾರಾದ. ಆದರೆ ಗದಗ ಜಿಲ್ಲೆ ಕೈಬಿಟ್ಟಿತು, ಹಳ್ಳಿ ಅನ್ನುವುದೂ ಹೋಯಿತು. ಕೈಯಿಂದ ದುಡ್ಡು ಕೊಟ್ಟು 60 ಸೀಟಿನ ಪಾಳಿ ಬಿಟ್ಟು 20 ಸೀಟಿನ ಪಾಳಿಗೆ ನಿಂತ ಹಾಗಾಯಿತು. ಕೋಚಿಂಗಿನವರು ಇದನ್ನು ಹೇಳಲೇ ಇಲ್ಲವಂತೆ. ಯಾಕೆ ಹೇಳುತ್ತಾರೆ, ಅಲ್ವಾ?

ಇನ್ನು ಕೆಲವರು ಜಾಣರು. ಹೆಸರು ಊರ ಶಾಲೆಯಲ್ಲಿ, ಹುಡುಗ ಧಾರವಾಡದಲ್ಲೋ ವಿಜಯಪುರದಲ್ಲೋ. "ಹಾಜರಿ ಒಂದ್ ಹಾಕ್ಕೋತ ಹೋಗ್ರಿ ಅಕ್ಕೋರ" ಅಂತ ನನಗೇ ಹೇಳಿದವರಿದ್ದಾರೆ. ನಾನು ಹಾಕುವುದಿಲ್ಲ. ಆ ಸುಳ್ಳು ಹಾಜರಿಯಿಂದ ಸೀಟು ತಪ್ಪುವುದು ನನ್ನ ಕ್ಲಾಸಿನಲ್ಲಿ ದಿನಾ ಬಂದು ಕೂತ ಮಗುವಿಗೇ.

ಇಷ್ಟು ತಿಳಿದ ಮೇಲೆ ಹುಡುಗನನ್ನು ಕರೆಸಿ ಹಳೇ ಪೇಪರ್ ಕೊಡುತ್ತೇನೆ. 80 ಪ್ರಶ್ನೆ, 100 ಅಂಕ, ಎರಡು ತಾಸು. ನಡುವೆ ನೀರಿಗೂ ಬಿಡುವುದಿಲ್ಲ. 40 ಪ್ರಶ್ನೆ ಬರೀ ಚಿತ್ರದ್ದು: ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ಹೇಗಿರುತ್ತದೆ. ಲೆಕ್ಕ 20, ಭಾಷೆ 20. ಅಂದರೆ ಅರ್ಧ ಅಂಕ ಚಿತ್ರದಲ್ಲೇ ಇದೆ. ಶಾಲೆಯಲ್ಲಿ 95 ತೆಗೆಯುವ, ಮಗ್ಗಿ ಗಡಗಡ ಹೇಳುವ ಮಕ್ಕಳು ಇಲ್ಲೇ ಒದ್ದಾಡುವುದು. ಅದಕ್ಕೇ ನಾನು ಅಂಕಕ್ಕಿಂತ ಪೆನ್ಸಿಲ್ ನೋಡುತ್ತೇನೆ. ಒಂದು ಚಿತ್ರ ಬರಲಿಲ್ಲವೆಂದರೆ ಅದಕ್ಕೇ ಅಂಟಿಕೊಂಡು ಕೂರುತ್ತಾನೋ, ಬಿಟ್ಟು ಮುಂದೆ ಹೋಗುತ್ತಾನೋ? ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ, ಆದರೂ ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ! ದೀಪಾವಳಿ ಹೊತ್ತಿಗೆ ಹೊತ್ತು ಮೀರದೆ 70 ಸರಿ ಮಾಡಿದರೆ ಧೈರ್ಯವಾಗಿ "ನೋಡೋಣ" ಅನ್ನುತ್ತೇನೆ. ಇದು ನನ್ನ ಲೆಕ್ಕ, ಇಲಾಖೆಯದ್ದಲ್ಲ. ಯೂಟ್ಯೂಬಿನ ಕಟ್ಆಫ್‌ಗಳನ್ನು ನಾನು ನಂಬುವುದಿಲ್ಲ. ಹುಡುಗಿಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸೀಟಿದೆ, ಜಾತಿವಾರು ಮೀಸಲಾತಿ ಬೇರೆ. ಎಲ್ಲರಿಗೂ ಒಂದೇ ಕಟ್ಆಫ್ ಎಲ್ಲಿಂದ ಬಂತು?

ಬೆಟಗೇರಿಯ ನೇಕಾರರ ಮನೆ ಹುಡುಗನೊಬ್ಬ ಬಂದಿದ್ದ. ಚಿತ್ರದ ಪ್ರಶ್ನೆಗಳನ್ನು ಎಷ್ಟು ಸರಾಗವಾಗಿ ಮಾಡಿದ ಎಂದರೆ ನನಗೇ ಖುಷಿಯಾಯಿತು. ಆದರೆ ಬೆಟಗೇರಿ ನಗರಸಭೆಗೆ ಸೇರಿದ್ದು, ಅಂದರೆ ಅವನು ಪೇಟೆ ಮಗು. ಅಪ್ಪನಿಗೆ ನೇರ ಹೇಳಿದೆ: ನವೋದಯ ಬರೆಯಲಿ, ಅದನ್ನೇ ನಂಬಿ ಕೂರಬೇಡಿ. ಮೊರಾರ್ಜಿಗೂ ಹಾಕಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬೇರೆಯೇ ಪರೀಕ್ಷೆ ನಡೆಸುತ್ತದೆ. ಊಟ, ವಸತಿ ಎಲ್ಲ ಉಚಿತ.

ಅವರಿಗೆ ಸೈನಿಕ ಶಾಲೆಯ ಆಸೆಯೂ ಇತ್ತು. ಅದರ ಪೇಪರ್ ತದ್ವಿರುದ್ಧ. 300 ಅಂಕದಲ್ಲಿ 150 ಗಣಿತದ್ದೇ, ಬುದ್ಧಿಶಕ್ತಿಯದ್ದು 50. ಈ ಹುಡುಗನಿಗೆ ಭಿನ್ನರಾಶಿ ಅಂದರೆ ಜ್ವರ. ಮೇಲೆ ವೈದ್ಯಕೀಯ ತಪಾಸಣೆ, ಫೀಸಂತೂ ನವೋದಯಕ್ಕೆ ಹೋಲಿಸುವಂತೆಯೇ ಇಲ್ಲ. ಸೈನಿಕ ಶಾಲೆಗೆ ವಯಸ್ಸು ಮಾರ್ಚ್ 31ಕ್ಕೆ 10ರಿಂದ 12ರೊಳಗೆ ಇರಬೇಕು. (ನಮ್ಮ ಕಾಲದಲ್ಲಿ ಊರಿನ ಅರ್ಧ ಮಕ್ಕಳು ಜೂನ್ 1ಕ್ಕೇ ಹುಟ್ಟಿದವರು, ಮಾಸ್ತರ ಕೃಪೆ.)

ಕೊನೆಗೆ ತಾಯಿಗೆ ಒಂದು ಮಾತು ಕೇಳುತ್ತೇನೆ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಬಿಟ್ಟರೆ ನೀವಿಲ್ಲದೆ ಇರುತ್ತಾನಾ? ಎರಡನೇ ದಿನಕ್ಕೇ "ಕರಕೊಂಡು ಹೋಗು" ಅಂತ ಅಳುವ ಮಗುವಾದರೆ ಸೀಟಿಗಿಂತ ಅದೇ ದೊಡ್ಡ ಚಿಂತೆ. ಸೀಟು ಸಿಕ್ಕಿ ಆರೇ ತಿಂಗಳಲ್ಲಿ ಟಿಸಿ ತಗೊಂಡು ಬಂದವರನ್ನು ನೋಡಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ ಅಂದಾಗಲಂತೂ ತಾಯಂದಿರ ಮುಖ ನೋಡಬೇಕು. ಅಪ್ಪಂದಿರು ಮಾತ್ರ "ಹಿಂದಿ ಬರತೈತಿ ಬಿಡ್ರಿ" ಅನ್ನುತ್ತಾರೆ.

ನವೋದಯದ ಆರನೇ ತರಗತಿ ಪರೀಕ್ಷೆ ಎರಡನೇ ಸಲ ಬರೆಯುವಂತಿಲ್ಲ. ಐದನೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿದರೂ ಆಗುವುದಿಲ್ಲ, ಅದನ್ನು ಕೇಳಲು ಫೋನ್ ಮಾಡಬೇಡಿ. ಅರ್ಜಿಗೆ ಮುಖ್ಯ ಗುರುಗಳ ಸಹಿ, ಮುದ್ರೆ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಇದೆಯಾ ಅಂತ ಈ ವಾರವೇ ನೋಡಿಕೊಳ್ಳಿ. ಕೊನೇ ದಿನ ರಾತ್ರಿ ಹೆಡ್‌ಮಾಸ್ತರ ಮನೆ ಬಾಗಿಲು ಬಡಿದರೆ ಅವರು ಬೈಯುವುದು ನನಗೆ.