90 ದಿನದ ಕ್ರೆಡಿಟ್ ಕೇಳುತ್ತಿದ್ದಾರೆ, ಒಪ್ಪಿಕೊಳ್ಳಲಾ?

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ, ನಾಲ್ಕೈದು ಮೆಷಿನ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ದೊಡ್ಡ ಕಂಪನಿಯವರು ತಿಂಗಳಿಗೆ 5 ಲಕ್ಷದ ಆರ್ಡರ್ ಕೊಡ್ತಾರಂತೆ, ಆದರೆ ದುಡ್ಡು 90 ದಿನಕ್ಕೆ. ಒಪ್ಪಿಕೊಳ್ಳಲಾ?"

ಲಾಭ ಎಷ್ಟು ಎಂಬುದನ್ನು ಆಮೇಲೆ ನೋಡಿ. ಮೊದಲ ಬಿಲ್ಲಿನ ದುಡ್ಡು ಬರುವ ಹೊತ್ತಿಗೆ ನಿಮ್ಮ ಕೈಯಿಂದ ಎಷ್ಟು ಹೋಗಿರುತ್ತದೆ ಎಂದು ಮೊದಲು ಬರೆದುಕೊಳ್ಳಿ.

5 ಲಕ್ಷದ ಬಿಲ್ಲಿನಲ್ಲಿ ಉಕ್ಕಿಗೆ 3 ಲಕ್ಷ, ಕೂಲಿ, ಕರೆಂಟು, ಟೂಲ್ ಎಲ್ಲ ಸೇರಿ 1.2 ಲಕ್ಷ ಎಂದಿಟ್ಟುಕೊಳ್ಳೋಣ. ಉಳಿಯುವುದು 80,000. ಈಗ ಜಿಎಸ್‌ಟಿ ಸೇರಿಸಿ. ಉಕ್ಕು ಕೊಳ್ಳುವಾಗ ಶೇ 18ರಂತೆ 54,000 ಕೊಟ್ಟಿರುತ್ತೀರಿ. ನಿಮ್ಮ ಬಿಲ್ಲಿನ ತೆರಿಗೆ 90,000. ಇನ್‌ಪುಟ್ ಕ್ರೆಡಿಟ್, ಅಂದರೆ ಉಕ್ಕಿಗೆ ಆಗಲೇ ಕೊಟ್ಟ ತೆರಿಗೆ, ಕಳೆದು ಉಳಿದ 36,000 ರೂಪಾಯಿಯನ್ನು, ಪ್ರತಿ ತಿಂಗಳು ರಿಟರ್ನ್ ಹಾಕುವವರಾದರೆ, ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಗಿರಾಕಿ ಕೊಟ್ಟಿರಲಿ, ಬಿಡಲಿ. ಅಲ್ಲಿಗೆ ತಿಂಗಳಿಗೆ 5.1 ಲಕ್ಷ ಖರ್ಚು. ಮೊದಲ ತಿಂಗಳ ಕೊನೆಗೆ ಹಾಕಿದ ಬಿಲ್ಲಿನ ಹಣ ಬರುವುದು ನಾಲ್ಕನೇ ತಿಂಗಳ ಕೊನೆಗೆ. ಅಷ್ಟರಲ್ಲಿ ಸುಮಾರು 20 ಲಕ್ಷ ಹೋಗಿರುತ್ತದೆ. ಶೇ 12ರ ಸಾಲವಾದರೆ ತಿಂಗಳಿಗೆ 20,000 ಬಡ್ಡಿ. ಅಂದರೆ ಲಾಭದ ಕಾಲು ಭಾಗ ಅಲ್ಲೇ ಕರಗಿತು.

20 ಲಕ್ಷ ಇಲ್ಲದಿದ್ದರೆ ಆರ್ಡರ್ ಬಿಟ್ಟುಬಿಡಿ ಎನ್ನುತ್ತಿಲ್ಲ. "ಉಕ್ಕು ನೀವೇ ಕೊಡಿ, ನಾವು ಜಾಬ್ ವರ್ಕ್ ಮಾಡಿಕೊಡ್ತೀವಿ" ಎಂದು ಕೇಳಿ. ಬಿಲ್ 2 ಲಕ್ಷಕ್ಕೆ ಇಳಿಯುತ್ತದೆ, ಲಾಭ ಅದೇ 80,000, ಸಿಕ್ಕಿಕೊಳ್ಳುವ ಹಣ ಸುಮಾರು 6 ಲಕ್ಷ. ಇಷ್ಟು ಅನುಕೂಲವಿದ್ದರೂ ಇದನ್ನು ಕೇಳುವವರು ಕಡಿಮೆ. ರಿಜೆಕ್ಟ್ ಆದ ಪೀಸಿನ ಉಕ್ಕು ಯಾರ ಲೆಕ್ಕಕ್ಕೆ, ಸ್ಕ್ರ್ಯಾಪ್ ಯಾರದ್ದು ಎಂಬುದನ್ನು ಪಿಒದಲ್ಲೇ (ಗಿರಾಕಿ ಕೊಡುವ ಖರೀದಿ ಆದೇಶ) ಬರೆಸಿಕೊಳ್ಳಿ. ಜಗಳ ಹುಟ್ಟುವುದೇ ಅಲ್ಲಿ.

ಕಾನೂನೂ ನಿಮ್ಮ ಕಡೆಗಿದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕಕ್ಕೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಗರಿಷ್ಠ 45 ದಿನದಲ್ಲಿ ಹಣ ಬರಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ತಲುಪಿ 15 ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ, ತಲುಪಿದ ದಿನವೇ ಸ್ವೀಕರಿಸಿದಂತೆ. ಹಾಗಾಗಿ ಚಲನ್ ಮೇಲೆ ದಿನಾಂಕ ಸಹಿತ ಸೀಲ್ ಹಾಕಿಸಿಕೊಳ್ಳದೆ ಗಾಡಿ ವಾಪಸ್ ತರಿಸಬೇಡಿ. ನೋಂದಣಿ ಆರ್ಡರ್ ಒಪ್ಪುವ ಮೊದಲೇ ಆಗಿರಲಿ. ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ.

ಆದರೂ ನಡೆಯುತ್ತಿರುವ ಗಿರಾಕಿಯ ಮೇಲೆ ದೂರು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ಅದು ಸಹಜ. ಅದಕ್ಕಿಂತ ಸುಲಭದ ದಾರಿ ಟ್ರೆಡ್ಸ್ (TReDS) ಎಂಬ, ಬಿಲ್ ತೋರಿಸಿ ಮೊದಲೇ ಹಣ ಪಡೆಯುವ ಆನ್‌ಲೈನ್ ವೇದಿಕೆ: ಗಿರಾಕಿ ಅಲ್ಲಿ ನಿಮ್ಮ ಬಿಲ್ ಒಪ್ಪಿದರೆ ಬ್ಯಾಂಕ್ ಬಡ್ಡಿ ಮುರಿದುಕೊಂಡು ಬೇಗ ಹಣ ಕೊಡುತ್ತದೆ, ಗಿರಾಕಿ ಕಟ್ಟದಿದ್ದರೂ ನಿಮ್ಮನ್ನು ಕೇಳುವುದಿಲ್ಲ. ಮಾತುಕತೆಯಲ್ಲಿ "ಟ್ರೆಡ್ಸ್‌ನಲ್ಲಿದ್ದೀರಾ?" ಎಂದು ಮೊದಲೇ ಕೇಳಿ. ಆ ಬಡ್ಡಿಯನ್ನು ದರದಲ್ಲೇ ಸೇರಿಸಿ.

ಒಪ್ಪಿದ ಮೇಲೆ ಮಿತಿ ಹಾಕುವುದು ಮಾಲೀಕರ ಕೆಲಸ. ಬಾಕಿ ಎಷ್ಟು ಲಕ್ಷ ದಾಟಿದರೆ, ಗಡುವು ಮುಗಿದು ಎಷ್ಟು ದಿನವಾದರೆ ಮುಂದಿನ ಲೋಡ್ ನಿಲ್ಲಬೇಕು ಎಂಬುದನ್ನು ಮೊದಲ ಲೋಡ್ ಹೋಗುವ ಮೊದಲೇ ಬರೆದಿಡಿ, ಗಿರಾಕಿಗೂ ತಿಳಿಸಿ. ತಡೆಯುವ ಅಧಿಕಾರ ಲೆಕ್ಕ ನೋಡುವವರಿಗಿರಲಿ, ಆರ್ಡರ್ ತಂದವರಿಗೆ ಬೇಡ. ಮಿತಿ ಮುರಿಯುವವರು ಬಹುತೇಕ ಮಾಲೀಕರೇ: ಪರ್ಚೇಸ್ ಮ್ಯಾನೇಜರ್ ಫೋನ್ ಮಾಡಿ "ಇದೊಂದ್ಸಲ ಕಳಿಸಿ" ಎನ್ನುತ್ತಾರೆ, ಗಾಡಿ ಹೊರಡುತ್ತದೆ. ಮುಂದಿನ ಬಾರಿ ಲೆಕ್ಕದವರು ತಡೆಯುವ ಗೋಜಿಗೇ ಹೋಗುವುದಿಲ್ಲ. ಅಂಥ ಫೋನ್ ಬಂದಾಗ ಒಂದೇ ಮಾತು ಹೇಳಿ: ಹಳೆಯ ಬಿಲ್ಲಿನ ಹಣ ಖಾತೆಗೆ ಬಂದ ದಿನವೇ ಲೋಡ್ ಹೊರಡುತ್ತದೆ.