ಹೊಸ ಬ್ಯಾಟರಿ ಹಾಕಿದರೂ ಬಿಡದ ‘ಲೋ ಬ್ಯಾಟರಿ’

ಮೈಸೂರಿನ ವಿಜಯನಗರದ ಮನೆಯೊಂದರ ಪೆಟ್ರೋಲ್ ಕಾರು. ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಸಾಕು, ಮೀಟರ್‌ನಲ್ಲಿ ‘ಲೋ ಬ್ಯಾಟರಿ’ ಎಂದು ಬರುತ್ತದೆ. “ಬ್ಯಾಟ್ರಿ ಹೊಸದು ಸಾರ್, ವಾರಂಟಿ ಕಾರ್ಡೂ ಇದೆ” ಎಂದು ಮಾಲೀಕರ ಅಳಲು. ಹೊಸ ಬ್ಯಾಟರಿ ಹಾಕಿದ ಮೇಲೂ ಅದೇ ಎಚ್ಚರಿಕೆ ಬಂದರೆ ಇನ್ನೊಂದು ಬ್ಯಾಟರಿಗೆ ದುಡ್ಡು ಸುರಿಯಬಾರದು. ಚಾರ್ಜ್ ತುಂಬುತ್ತಿಲ್ಲವೋ, ತುಂಬಿದ್ದು ಸೋರಿಹೋಗುತ್ತಿದೆಯೋ, ಅದನ್ನು ಮೊದಲು ಹಿಡಿಯಬೇಕು.

ಅದಕ್ಕೂ ಮುಂಚೆ ಸಂದೇಶವನ್ನು ಸರಿಯಾಗಿ ಓದಿ. ಬಟನ್ ಸ್ಟಾರ್ಟ್ ಕಾರುಗಳಲ್ಲಿ ‘ಕೀ ಬ್ಯಾಟರಿ ಲೋ’ ಎಂದು ಬರುವುದು ರಿಮೋಟ್ ಒಳಗಿನ ನಾಣ್ಯದಂಥ ಸೆಲ್‌ಗೆ. ಹೆಚ್ಚಾಗಿ ಅದು ಸಿಆರ್2032, 3 ವೋಲ್ಟಿನದು. ಕೆಂಪು ಬ್ಯಾಟರಿ ದೀಪ ಓಡುತ್ತಿರುವಾಗಲೇ ಹತ್ತಿದರೆ ಅದು ಚಾರ್ಜಿಂಗ್ ದೋಷ, ತಡಮಾಡುವಂತಿಲ್ಲ. ಈ ಕಾರಿನದು ಎರಡೂ ಅಲ್ಲ. ಬೆಂಗಳೂರಿಗೆ ಹೋಗಿಬಂದರೆ ಒಂದೆರಡು ದಿನ ಸಂದೇಶ ಬರುವುದಿಲ್ಲ, ಭಾನುವಾರ ಪೂರ್ತಿ ನಿಂತರೆ ಬರುತ್ತದೆ. ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ, ನಿಂತಾಗಲೇ ಏನೋ ಕರೆಂಟ್ ಎಳೆಯುತ್ತಿದೆ ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ.

ಅನುಮಾನ ಸಾಲದು, ವೋಲ್ಟ್, ಆಂಪ್ಸ್ ತೋರಿಸುವ ಮಲ್ಟಿಮೀಟರ್ ಹಿಡಿದು ಅಳೆಯಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಬಹುತೇಕ ಖಾಲಿ. ಆಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು 12.21. ಸೆಲ್ಫ್ ಹೊಡೆಯುವಾಗ 10.1ಕ್ಕೆ ಇಳಿಯಿತು; 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿಯಲ್ಲಿ ಇನ್ನೂ ಕಸುವಿದೆ. ಹೆಡ್‌ಲೈಟ್, ಬ್ಲೋವರ್ ಹಾಕಿ ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ 14.2. ಚಾರ್ಜಿಂಗ್ ಸರಿಯಿದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಆಲ್ಟರ್ನೇಟರನ್ನು ಏರಿಳಿಸುತ್ತದೆ, ಹಾಗಾಗಿ ಲೋಡ್ ಇಲ್ಲದೆ 12.8 ಕಂಡರೆ ಗಾಬರಿ ಬೇಡ. ಲೈಟ್ ಹಾಕಿ ಮತ್ತೆ ನೋಡಿ.

ಟರ್ಮಿನಲ್ ಮೇಲೆ ಬಿಳಿ–ಹಸಿರು ಪುಡಿ ಕಟ್ಟಿದ್ದರೆ 10 ಎಂಎಂ ಸ್ಪ್ಯಾನರ್‌ನಿಂದ ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ಕೂರಿಸುವಾಗ ಮೈನಸ್ ಕೊನೆಗೆ ಹಾಕಿ. ನೀರು ತುಂಬುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಕಾವೇರಿ ನೀರೂ ಆಗದು; ಅದರಲ್ಲಿನ ಲವಣ ಪ್ಲೇಟ್ ಹಾಳುಮಾಡುತ್ತದೆ.

ಇನ್ನು ಸೋರಿಕೆ. ಬಾನೆಟ್ ತೆರೆದು ಅದರ ಲಾಕನ್ನೂ ಡ್ರೈವರ್ ಬಾಗಿಲಿನ ಲಾಕನ್ನೂ ಸ್ಕ್ರೂಡ್ರೈವರ್‌ನಿಂದ ಒತ್ತಿ ‘ಮುಚ್ಚಿದೆ’ ಎಂದು ಕಾರಿಗೆ ನಂಬಿಸಬೇಕು. ರಿಮೋಟ್ ಕೀ ಮನೆಯೊಳಗೆ ದೂರವಿಡಬೇಕು. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ಸ್ ಸಾಕೆಟ್‌ನಲ್ಲಿ ಸೇರಿಸಬೇಕು. ಆಮೇಲೆ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಸುಡುತ್ತದೆ. ಇಲ್ಲಿ ಎಲ್ಲರೂ ಅವಸರ ಪಡುತ್ತಾರೆ: ಕಾರಿನ ಕಂಪ್ಯೂಟರ್‌ಗಳು ಮಲಗಲು 20ರಿಂದ 40 ನಿಮಿಷ ಬೇಕು, ಮೊದಲ ಐದು ನಿಮಿಷದ ಅಂಕಿಗೆ ಬೆಲೆಯಿಲ್ಲ. ಮಲಗಿದ ಮೇಲೆ 0.05 ಆಂಪ್ಸ್ ಒಳಗಿರಬೇಕು. ಇಲ್ಲಿ ಮೀಟರ್ 0.40ರಲ್ಲಿ ಅಲುಗಾಡದೆ ನಿಂತಿತು.

ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ 36 ಗಂಟೆ, 0.40ರಂತೆ 14 ಆಂಪ್ಸ್ ಅವರ್‌ಗಿಂತ ಹೆಚ್ಚು. ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35 ಆಂಪ್ಸ್ ಅವರ್. ವಿಜಯನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಹತ್ತು–ಹದಿನೈದು ನಿಮಿಷದ ಓಡಾಟದಲ್ಲಿ, ಅದೂ ಎಸಿ ಹಾಕಿಕೊಂಡು, ಅಷ್ಟು ಚಾರ್ಜ್ ವಾಪಸ್ ಬರುವುದು ಸಾಧ್ಯವೇ ಇಲ್ಲ. ಮೈಸೂರಿನ ಹತ್ತಿರ ಹತ್ತಿರದ ಓಡಾಟ ಬ್ಯಾಟರಿಗೆ ಒಳ್ಳೆಯದಲ್ಲ. ಅರ್ಧ ಖಾಲಿಯಲ್ಲೇ ದಿನ ಕಳೆದರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಹೊಸ ಬ್ಯಾಟರಿಯೂ ಬೇಗ ಸಾಯುತ್ತದೆ.

ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಮೀಟರ್ ನೋಡುತ್ತಾ ಹೋದಾಗ ಆಡಿಯೋ ಫ್ಯೂಸಿಗೆ 0.40 ಇದ್ದದ್ದು 0.03ಕ್ಕೆ ಬಿತ್ತು. ಸ್ಟೀರಿಯೋ ಹೊರಗೆಳೆದರೆ ಕಾರಣ ಕಣ್ಣೆದುರಿಗೇ ಇತ್ತು. ಹೊರಗೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋಗಳಲ್ಲಿ ಹಳದಿ ವೈರ್ ಮೆಮೊರಿಗಾಗಿ ಸದಾ ಕರೆಂಟ್ ಇರುವ ಲೈನಿಗೆ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹೋಗಬೇಕು. ಇಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಕಪ್ಪು ಟೇಪ್ ಸುತ್ತಿದ್ದರು. ಪರದೆ ಕಪ್ಪಾಗಿದ್ದರೂ ಒಳಗಿನ ಕಂಪ್ಯೂಟರ್ ಎಚ್ಚರವಾಗಿಯೇ ಇತ್ತು. ಕೆಂಪನ್ನು ಬೇರ್ಪಡಿಸಿ ಕೀ ಆನ್ ಲೈನಿಗೆ ಕೊಟ್ಟ ಮೇಲೆ 0.03. ಪಾರ್ಕಿಂಗ್ ಮೋಡ್‌ನ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಕೂಡ ಇಂಥದ್ದೇ ಗುಮಾನಿಗೆ ತಕ್ಕವು. ಫಾಸ್ಟ್ಯಾಗ್ ಅಲ್ಲ, ಅದು ಕಾರಿನಿಂದ ಕರೆಂಟ್ ತೆಗೆದುಕೊಳ್ಳುವುದೇ ಇಲ್ಲ.

ಸೋರಿಕೆ ನಿಂತರೂ ಬ್ಯಾಟರಿ ತಾನೇ ತುಂಬಿಕೊಳ್ಳುವುದಿಲ್ಲ. 35ರ ಬ್ಯಾಟರಿಗೆ 3.5 ಆಂಪ್ಸ್ ಆಟೋಮ್ಯಾಟಿಕ್ ಚಾರ್ಜರ್ ರಾತ್ರಿಯಿಡೀ ಬೇಕು. ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಇರುವ ಕಾರಾದರೆ ಚಾರ್ಜರಿನ ಕಪ್ಪು ಕ್ಲಿಪ್ ಅಲ್ಲಿಗೆ ಬೇಡ, ಬಾಡಿಯ ಅರ್ಥ್ ಬೋಲ್ಟಿಗೆ ಹಾಕಿ. ಇಲ್ಲದಿದ್ದರೆ ತುಂಬಿದ್ದು ಸೆನ್ಸರಿನ ಲೆಕ್ಕಕ್ಕೆ ಸಿಗದೆ ಸಂದೇಶ ಮುಂದುವರಿಯುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬಂದಿದ್ದರೆ ಅದೇ ಬಗೆಯದ್ದನ್ನೇ ಹಾಕಬೇಕು.

ಎಲ್ಲ ಫ್ಯೂಸ್ ಕಿತ್ತರೂ ಸೋರಿಕೆ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ. ಬಿಚ್ಚುವ ಮುಂಚೆ ಬ್ಯಾಟರಿ ಕಳಚಿರಬೇಕು, ಬಿಚ್ಚಿದ ತುದಿಗೆ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಆಗ ಅಂಕಿ ಬಿದ್ದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಹೋಗಿದೆ. ವೈರ್ ವಾಪಸ್ ಬಿಗಿದು ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದರೆ 0.5 ವೋಲ್ಟಿಗಿಂತ ಹೆಚ್ಚು ಬರುವುದೂ ಅದೇ ದೋಷದ ಗುರುತು. ಡಯೋಡ್ ಪ್ಲೇಟ್ ಬದಲಿಸಿದರೆ ಸಾಕು, ಇಡೀ ಆಲ್ಟರ್ನೇಟರ್ ಕೊಳ್ಳುವ ಮುಂಚೆ ಆಟೋ ಎಲೆಕ್ಟ್ರಿಷಿಯನ್‌ಗೆ ಅದನ್ನು ಬಿಚ್ಚಿ ನೋಡಲು ಹೇಳಿ.