ಎಂಟು ಗಂಟೆಯ ಮಾತ್ರೆ

ಅಪ್ಪನಿಗೆ ಪಾರ್ಕಿನ್ಸನ್ಸ್ ಶುರುವಾಗಿ ಆರು ವರ್ಷ. ದಿನಕ್ಕೆ ನಾಲ್ಕು ಸಲ ಲೆವೊಡೋಪ ಮಾತ್ರೆ: ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8. ಹೋದ ವರ್ಷ ಹರ್ನಿಯಾ ಆಪರೇಷನ್‌ಗೆ ಅಡ್ಮಿಟ್ ಮಾಡಿದ್ದೆವು. ಆಪರೇಷನ್ ಚೆನ್ನಾಗೇ ಆಯಿತು. ತೊಂದರೆ ಆಗಿದ್ದು ಮಾರನೇ ದಿನ ಬೆಳಿಗ್ಗೆ.

ಆ ವಾರ್ಡಿನಲ್ಲಿ ಎಲ್ಲರಿಗೂ ಮಾತ್ರೆ ಕೊಡುವುದು ಹತ್ತಕ್ಕೆ. ನಾವು ತಂದಿದ್ದ ಸ್ಟ್ರಿಪ್ಪನ್ನೂ ಹಿಂದಿನ ದಿನವೇ ತೆಗೆದಿಟ್ಟುಕೊಂಡಿದ್ದರು. ಎಂಟಕ್ಕೆ ಕೇಳಿದೆ, ಎಂಟೂವರೆಗೆ ಮತ್ತೆ ಕೇಳಿದೆ. "ಎರಡು ಗಂಟೆ ತಡ ಆದ್ರೆ ಏನಾಗುತ್ತೆ ಮೇಡಂ, ರೌಂಡ್ಸ್ ಮುಗೀಲಿ" ಎಂದರು ಸಿಸ್ಟರ್.

ಏನಾಗುತ್ತೆ ಅಂತ ಒಂಬತ್ತಕ್ಕೆ ಕಾಣಿಸಿತು. ನೀರಿನ ಲೋಟ ಹಿಡಿದ ಅಪ್ಪನ ಕೈ ಎದೆಯ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು. ರೆಪ್ಪೆ ಮಿಟುಕುತ್ತಿರಲಿಲ್ಲ. "ಅಪ್ಪ, ಈ ಕಡೆ ತಿರುಗ್ತೀರಾ?" ಎಂದೆ. ಕಣ್ಣು ಮಾತ್ರ ನನ್ನ ಕಡೆ ಬಂತು, ಮುಖ ಬರಲಿಲ್ಲ. ಒಳಗೆ ಎಲ್ಲ ಗೊತ್ತಾಗುತ್ತಿದೆ, ಮೈ ಕೇಳುತ್ತಿಲ್ಲ. ನಾನು ಲೋಟವನ್ನು ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡೆ.

ಆಗ ನನಗೆ ಮೊಲಗಳು ನೆನಪಾದವು.

ಔಷಧ ವಿಜ್ಞಾನ ಪಾಠ ಮಾಡುವುದು ನನ್ನ ಕೆಲಸ. ಪ್ರತಿ ವರ್ಷ ತರಗತಿಯಲ್ಲಿ ಒಂದು ಹಳೇ ಫೋಟೋ ತೋರಿಸುತ್ತೇನೆ. ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್ಸನ್ ಅವರ ಮೊಲಗಳದು. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಕೊಟ್ಟಾಗ ಅವು ಕಿವಿ ಇಳಿಬಿಟ್ಟು, ಅಲುಗಾಡದೆ ಕೂತಿದ್ದವು. ಡೋಪಾ (ಅಪ್ಪನ ಲೆವೊಡೋಪ ಇದರದೇ ಒಂದು ರೂಪ) ಚುಚ್ಚಿದ ಮೇಲೆ ಸುಮಾರು ಹದಿನೈದು ನಿಮಿಷಕ್ಕೆ ಎದ್ದು ಓಡಾಡಿದವು. ಇದು 1957ರ ಮಾತು.

ನನಗೆ ಕಾರ್ಲ್ಸನ್ ಮೇಲೆ ಗೌರವ ಜಾಸ್ತಿಯಾಗಿದ್ದು ಅದರ ಮುಂದಿನ ಹೆಜ್ಜೆಗೆ. ಮೊಲ ಎದ್ದಿತು ಅಂತ ಖುಷಿಪಟ್ಟು ಅವರು ಸುಮ್ನೆ ಕೂರಲಿಲ್ಲ. ಡೋಪಾ ಮಿದುಳಿನಲ್ಲಿ, ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಆಗಿ ಮೊಲವನ್ನು ಎಬ್ಬಿಸಿರಬೇಕು ಎನ್ನುವುದು ಮೊದಲ ಊಹೆ. ಅಳೆದು ನೋಡಿದರೆ ನಾರ್‌ಅಡ್ರಿನಲಿನ್ ಖಾಲಿಯೇ ಇತ್ತು! ಹಾಗಾದರೆ ಎಬ್ಬಿಸಿದ್ದು ಯಾವುದು? ನಾರ್‌ಅಡ್ರಿನಲಿನ್ ತಯಾರಾಗುವ ದಾರಿಯಲ್ಲಿ ನಡುವೆ ಬಂದುಹೋಗುವ ವಸ್ತು ಅಷ್ಟೇ ಎಂದು ಹೆಚ್ಚಿನವರು ಬದಿಗಿಟ್ಟಿದ್ದ ಡೋಪಮೈನ್. ಅದನ್ನು ಅಳೆಯುವ ವಿಧಾನವನ್ನೂ ಅವರ ತಂಡವೇ ಕಟ್ಟಬೇಕಾಯಿತು. ಮುಂದೆ ಅವರ ವಿದ್ಯಾರ್ಥಿಗಳು ಮಿದುಳಿನ ಡೋಪಮೈನ್ ಹೆಚ್ಚಾಗಿ ಎಲ್ಲಿದೆ ಎಂದು ಹುಡುಕಿದರು. ಚಲನೆಯನ್ನು ನೋಡಿಕೊಳ್ಳುವ ಸ್ಟ್ರಯಾಟಮ್‌ನಲ್ಲೇ ಇತ್ತು.

1960ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಇದನ್ನು ಹೇಳಿದಾಗ ದೊಡ್ಡವರು ನಂಬಲಿಲ್ಲ. ನೊಬೆಲ್ ಪಡೆದಿದ್ದ ಹೆನ್ರಿ ಡೇಲ್ ಕೂಡ ಒಪ್ಪಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ ವಿಜ್ಞಾನಿ ಹಾರ್ನಿಕೀವಿಚ್, ಪಾರ್ಕಿನ್ಸನ್ಸ್‌ನಿಂದ ಸತ್ತವರ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆ ಇರುವುದನ್ನು ತೋರಿಸಿದರು. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ಲೆವೊಡೋಪ ದಾಟುತ್ತದೆ. 1967ರಲ್ಲಿ ಅಮೆರಿಕದ ವೈದ್ಯ ಕೊಟ್ಜಿಯಾಸ್ ಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿದರು. ಕಾರ್ಲ್ಸನ್‌ಗೆ ನೊಬೆಲ್ ಬಂದಿದ್ದು 2000ದಲ್ಲಿ, 77ನೇ ವಯಸ್ಸಿಗೆ.

ಇಷ್ಟನ್ನೂ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಬೆಳಿಗ್ಗೆ ಸಿಸ್ಟರ್ ಹತ್ತಿರ ಹೋಗಿ ಮೊಲದ ಕಥೆಯೊಂದನ್ನೇ ಹೇಳಿದೆ. ದನಿ ನಡುಗುತ್ತಿತ್ತು. ಅವರು ಬಂದು ಅಪ್ಪನ ಮುಖ ನೋಡಿದರು. ಮಾತಾಡದೆ ಹೋಗಿ ಮಾತ್ರೆ ತಂದರು. ನುಂಗಿಸುವುದೂ ಕಷ್ಟವಾಯಿತು. ಆಗ ಒಂಬತ್ತು ಇಪ್ಪತ್ತು.

ಕಾಯುತ್ತಾ ಕೂತೆ. ಒಂಬತ್ತೂ ಐವತ್ತಕ್ಕೆ ಬಲಗೈ ಹೆಬ್ಬೆರಳು ಹೊದಿಕೆಯ ಅಂಚನ್ನು ಸವರಿತು. ಸ್ವಲ್ಪ ಹೊತ್ತಿಗೆ ರೆಪ್ಪೆ ಮಿಟುಕಿತು. ಆಮೇಲೆ ಕುತ್ತಿಗೆ ತಾನಾಗಿ ನನ್ನ ಕಡೆ ತಿರುಗಿತು.

"ಆ ಲೋಟ ಕೊಡಮ್ಮ" ಎಂದರು ಅಪ್ಪ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಸಿಸ್ಟರ್ ಮಾತ್ರೆ ಹಿಡಿದು ಬಂದರು. "ಆ ಮೊಲಗಳು ಆಮೇಲೆ ಏನಾದವು ಮೇಡಂ?" ಎಂದು ಕೇಳಿದರು.

"ಡೋಪಾ ಇಳಿದ ಮೇಲೆ ಮತ್ತೆ ಹಾಗೇ ಕೂತವು" ಎಂದೆ.

ಅವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು: 4, 8.